ಈ ಪುಸ್ತಕ ಯಾರಿಗೆ

ಮೈದಾ ಹಿಟ್ಟಿನ ಅಂಟು ಒಲೆಯ ಮೇಲೆ ಕುದಿಯುವಾಗ ಬರುವ ವಾಸನೆಯನ್ನು ಸುವಾಸನೆ ಎನ್ನುವಂತಿಲ್ಲ, ದುರ್ವಾಸನೆ ಎಂದರೂ ತಪ್ಪಾಗುತ್ತದೆ. ಮೊದಲು ಹಿಟ್ಟು ಬೇಯುವ ಹಿತವಾದ ವಾಸನೆ. ಅದರ ಹಿಂದೆಯೇ, ಹುಳ ಬೀಳದಿರಲೆಂದು ಹಾಕಿದ ಮೈಲುತುತ್ತದ ಒಗರು. ನಮ್ಮ ತಂದೆ ಪುಸ್ತಕ ಕಟ್ಟುವವರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಶಾಲೆಯಿಂದ ಬಂದು ಬಾಗಿಲು ನೂಕಿದರೆ ಆ ವಾಸನೆ ಎದುರುಗೊಳ್ಳುತ್ತಿತ್ತು, ಆಮೇಲೆ ಕಾಣುತ್ತಿದ್ದದ್ದು ಬಗ್ಗಿ ಕೂತ ಅಪ್ಪನ ಬೆನ್ನು.

ತಾವು ಕಟ್ಟಿದ ಪುಸ್ತಕದಲ್ಲಿ ಅಪ್ಪ ಎಲ್ಲೂ ತಮ್ಮ ಗುರುತು ಬಿಡುತ್ತಿರಲಿಲ್ಲ. ಬೇರೆ ಅಂಗಡಿಯವರು ಹಿಂದಿನ ರಟ್ಟಿನ ಒಳಮೂಲೆಯಲ್ಲಿ ಹೆಸರಿನ ಸಣ್ಣ ಚೀಟಿ ಅಂಟಿಸುತ್ತಿದ್ದರು. ಇವರಿಗೆ ಅದು ಸೇರದು. ಹೊಲಿಗೆ ಕಣ್ಣಿಗೆ ಬಿದ್ದರೆ ಕೆಲಸ ಕೆಟ್ಟಿತು ಎನ್ನುವ ಜಾತಿ. ಇನ್ನು ಹೊಲಿದವನೇ ಕಣ್ಣಿಗೆ ಬೀಳುವುದೆಂದರೆ ಅವರಿಗೆ ನಾಚಿಕೆಯ ವಿಷಯ. ಕಟ್ಟು ಬಹಳ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ, ಒಳಗಿರುವುದು ಚೆನ್ನಾಗಿರಬೇಕು, ಅದಕ್ಕೇ ಹಾಗೆ ಕಾಣುತ್ತದೆ ಎಂದು ಮುಂದಿನ ಹಾಳೆ ಮಡಿಸತೊಡಗುವರು.

ನಾನು ಕಾಲೇಜು ಓದಿ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲೇ ತಲೆ ಬೆಳ್ಳಗಾಯಿತು. ಗ್ರಂಥಪಾಲಕಿಯ ಹೆಸರೂ ಯಾವ ಪುಸ್ತಕದ ಮೇಲೂ ಇರುವುದಿಲ್ಲ. ಕೌಂಟರಿನ ಆಚೆ ನಿಂತವರು ಒಂದು ಪುಸ್ತಕ ಕೇಳುತ್ತಾರೆ, ನಾವು ಕೊಡುತ್ತೇವೆ, ಅವರು ಹೋಗುತ್ತಾರೆ. ಆದರೆ ಕೊಡುವ ಮೊದಲು ಒಂದು ಪ್ರಶ್ನೆ ಕೇಳುವುದು ನನ್ನ ರೂಢಿಯಾಗಿತ್ತು: ಯಾರಿಗೆ? ತನಗೋ, ಮಗುವಿಗೋ, ಕಣ್ಣು ಮಂಜಾದ ತಾತನಿಗೋ? ಜನ ಬಾಯಿಬಿಟ್ಟು ಕೇಳುವ ಪುಸ್ತಕ ಒಂದು, ಅವರಿಗೆ ಬೇಕಾದ ಪುಸ್ತಕ ಇನ್ನೊಂದು. ಆ ಎರಡನೆಯದನ್ನು ಹುಡುಕಿಕೊಡುವುದೇ ನನ್ನ ಸಂತೋಷವಾಗಿತ್ತು.

ನನ್ನವರು ಕಾಯಿಲೆ ಬಿದ್ದದ್ದು ನಾನು ನಿವೃತ್ತಳಾದ ಮೇಲೆ. ಅವರ ಮಂಚದ ಪಕ್ಕದಲ್ಲಿ ಕೂತು ಕೂತು, ಅಲ್ಲಿ ಕಂಡ ಜನರ ಮೇಲೆ ಕಥೆ ಬರೆದೆ. ಅವರು ಹೋದ ಮೇಲೆ ಅದು ಪುಸ್ತಕವಾಯಿತು. ‘ಮಂಚದ ಪಕ್ಕದ ಸ್ಟೂಲು’ ಎಂದು ಹೆಸರಿಟ್ಟೆ.

“ಸ್ಟೂಲಿಗೆ ಯಾರು ದುಡ್ಡು ಕೊಡ್ತಾರೆ ಅತ್ತಿಗೆ? ಸೋಫಾ ಅಂತಾದ್ರೂ ಇಡಬಾರದಿತ್ತಾ?” ಎಂದಳು ನನ್ನ ನಾದಿನಿ.

ನಾದಿನಿ ಎಂದರೆ ನನ್ನವರ ತಂಗಿ. ಮದುವೆಯ ಗೋಜಿಗೆ ಹೋದವಳಲ್ಲ. ಕೆಲಸ ಮಾಡುವಷ್ಟು ವರ್ಷವೂ ವಿಮೆ ಏಜೆಂಟಾಗಿದ್ದಳು. ಅಣ್ಣ ಹೋದ ತಿಂಗಳೇ ತನ್ನ ಪೆಟ್ಟಿಗೆ, ತನ್ನ ದಿಂಬು, ತನ್ನ ಟೀ ಲೋಟ ಹಿಡಿದು ನಮ್ಮ ಮನೆಗೆ ಬಂದಳು. ಒಬ್ಬಳಿಗೇ ಅಡುಗೆ ಮಾಡಿಕೊಳ್ಳುವುದು ಬೇಸರ ಎಂದು ಹೇಳಿದಳು. ಒಬ್ಬಳೇ ಇರಬೇಡಿ ಎಂದು ನನಗೆ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು.

ಪುಸ್ತಕ ಬಂದು ವರ್ಷ ಕಳೆದ ಮೇಲೆ ಒಂದು ದಿನ ಪ್ರಕಾಶಕರು ಕರೆಸಿದರು. ಅವರು ಕಾಲೇಜು ಹುಡುಗನಾಗಿದ್ದಾಗ ನಮ್ಮ ಗ್ರಂಥಾಲಯದ ಕಿಟಕಿ ಪಕ್ಕದ ಬೆಂಚಿನಲ್ಲಿ ತೆರೆದ ಪುಸ್ತಕದ ಮೇಲೆ ಕೆನ್ನೆಯಿಟ್ಟು ಮಲಗುತ್ತಿದ್ದರು. ಅದನ್ನು ಕೇಳಿದ ಗಳಿಗೆಯಿಂದ ನಾದಿನಿ ಅವರನ್ನು ನಿದ್ದೆರಾಯ ಎಂದೇ ಕರೆಯುವುದು. ಈಗ ಅವರಿಗೆ ನಿದ್ದೆ ಕಡಿಮೆ. ಕಚೇರಿಯೆಂದರೆ ಒಂದು ಕೋಣೆ, ಅದರ ತುಂಬ ಕಟ್ಟುಗಳು. ನಾನು ಹೋದೊಡನೆ ಕೈಯಿರುವ ಒಂದೇ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟು ತಾವು ಪುಸ್ತಕದ ಕಟ್ಟಿನ ಮೇಲೆ ಕೂತರು. ಫ್ಯಾನನ್ನು ನನ್ನ ಕಡೆ ತಿರುಗಿಸಿದರು. ತಮ್ಮ ಮೇಜಿನ ಹಾಳೆಗಳು ಹಾರತೊಡಗಿದ್ದರೂ ತಿರುಗಿ ಅದನ್ನು ತಮ್ಮ ಕಡೆ ಮಾಡಿಕೊಳ್ಳಲಿಲ್ಲ.

ಅವರು ಕೂತಿದ್ದ ಕಟ್ಟು ನನ್ನದೇ ಪುಸ್ತಕದ್ದು. ಅದು ಅವರಿಗೂ ಗೊತ್ತಿತ್ತು, ಹಾಗಾಗಿ ಮಾತು ಶುರುಮಾಡುವುದು ಕಷ್ಟವಾಯಿತು. ಗೋದಾಮಿನ ಬಾಡಿಗೆ ಕಟ್ಟಲಾರದೆ ಅದನ್ನು ಬಿಡುತ್ತಿದ್ದರು. ಪುಸ್ತಕ ಮೇಳ ಮುಗಿದ ಮೇಲೆ, ಅಲುಗಾಡದೆ ಉಳಿದ ಪುಸ್ತಕಗಳೆಲ್ಲ ರದ್ದಿ ಲಾರಿಗೆ ಹೋಗಬೇಕು. ನನ್ನ ಎರಡನೆಯ ಹಸ್ತಪ್ರತಿ ಅವರ ಮೇಜಿನ ಮೇಲೇ ಇತ್ತು. ಓದಿದ್ದರು. ಚೆನ್ನಾಗಿದೆ ಎಂದರು. ಆದರೆ ಮೊದಲನೆಯದು ರದ್ದಿಗೆ ಹೋದವರ ಎರಡನೆಯದನ್ನು ಯಾವ ಮುಖ ಇಟ್ಟುಕೊಂಡು ಅಚ್ಚು ಹಾಕುವುದು?

“ಮೇಡಂ, ಕಾಲ ಹಾಗಿದೆ. ಈಗ ಬರೆದವರೇ ಕೂಗಿ ಹೇಳಬೇಕು. ಹೇಳದಿದ್ರೆ ಬರೆದಿದಾರೆ ಅನ್ನೋದೇ ಯಾರಿಗೂ ಗೊತ್ತಾಗಲ್ಲ.”

ಮೊದಲನೆಯ ಪುಸ್ತಕದ ವಿಷಯಕ್ಕೆ ನಾನು ಅಷ್ಟು ಮರುಗುತ್ತಿರಲಿಲ್ಲವೇನೋ. ಎರಡನೆಯದು ಅಪ್ಪನ ಅಂಗಡಿಯ ಕಥೆ. ಆ ಅಂಟಿನ ಪಾತ್ರೆ, ಒತ್ತುಯಂತ್ರ, ದಾರಕ್ಕೆ ಮೇಣ ಸವರುವಾಗಿನ ಅವರ ಹೆಬ್ಬೆರಳು, ಎಲ್ಲ ಅದರಲ್ಲಿತ್ತು. ಅವರು ಕಟ್ಟಿದ ಸಾವಿರಾರು ಪುಸ್ತಕಗಳಲ್ಲಿ ಒಂದರಲ್ಲೂ ಅವರ ಹೆಸರಿಲ್ಲ. ಇದೂ ಅಚ್ಚಾಗದಿದ್ದರೆ ಅವರು ಇದ್ದರು ಎಂದು ಹೇಳಲು ನಾನೊಬ್ಬಳು. ನನಗೂ ಎಪ್ಪತ್ತು ದಾಟಿತ್ತು.

ಮನೆಗೆ ಬಂದು ನಾದಿನಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದವಳು ಕೈಬಿಟ್ಟು ಎದ್ದಳು. ಇಷ್ಟೇ ತಾನೇ ಎಂಬ ಮುಖ ಅವಳದು. ಸಾವಿನ ಮಾತೆತ್ತಿದರೆ ಬಾಗಿಲು ಹಾಕಿಕೊಳ್ಳುವ ಜನರಿಗೆ ಸಾವಿನ ಮೇಲೇ ಪಾಲಿಸಿ ಮಾರಿದವಳು ತಾನು, ಪುಸ್ತಕ ಯಾವ ಲೆಕ್ಕ ಎಂದಳು. ಮೊದಲು ಫೋನಿನಲ್ಲಿ ಹಾಕಲು ನನ್ನ ಬಗ್ಗೆ, ಪುಸ್ತಕದ ಬಗ್ಗೆ ನಾಲ್ಕು ಸಾಲು ಬರೆದುಕೊಡಲು ಹೇಳಿದಳು.

ನಾಲ್ಕು ಸಾಲಿಗೆ ಬೆಳಗ್ಗೆಯಿಂದ ಊಟದ ಹೊತ್ತಿನವರೆಗೆ ಕೂತೆ. ಕೊನೆಗೆ ಕೈಗೆ ಬಂದದ್ದು ಗ್ರಂಥಾಲಯದ ಕಾರ್ಡಿನ ಧಾಟಿ. ಹೆಸರು, ಪ್ರಕಾಶಕರು, ಪುಟಗಳು, ಸಣ್ಣ ಕಥೆಗಳು. ಬರೀ ಅಷ್ಟೇ ಆದರೆ ನಾದಿನಿ ಬಿಡುವುದಿಲ್ಲವೆಂದು ಕೊನೆಗೊಂದು ಮಾತು ಸೇರಿಸಿದೆ: ‘ಕೆಲವು ಚೆನ್ನಾಗಿವೆ.’

ನಾದಿನಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದಳು.

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದೆ ಅತ್ತಿಗೆ. ಕೆಲವು ಚೆನ್ನಾಗಿವೆ ಅಂತೆ. ನಾನು ಹಾಗೇ ಹೇಳ್ಕೊಂಡು ಹೋಗಿದ್ರೆ? ನಮ್ಮ ಕಂಪನಿ ಕೆಲವು ಸಲ ದುಡ್ಡು ಕೊಡುತ್ತೆ, ಸೇರ್ಕೊಳ್ಳಿ ಅಂತ?”

ಇಬ್ಬರೂ ನಕ್ಕೆವು. ಅವಳು ನನ್ನನ್ನು ಕಿಟಕಿ ಪಕ್ಕ ನಿಲ್ಲಿಸಿ ಫೋಟೊ ತೆಗೆದಳು. ಕೂದಲು ಬಾಚಿಸಿದಳು, ಮತ್ತೆ ತೆಗೆದಳು. ಸಾಲುಗಳನ್ನು ತಾನೇ ಬರೆದುಕೊಂಡಳು. ಏನು ಬರೆದಳೋ ನನಗೆ ತೋರಿಸಲಿಲ್ಲ. ತೋರಿಸಿದರೆ ನಾನು ತಿದ್ದಿ ತಿದ್ದಿ ಕೊನೆಗೆ ಪುಟಸಂಖ್ಯೆ ಮಾತ್ರ ಉಳಿಸುತ್ತೇನೆ ಎಂದಳು. ಅದು ನಿಜವೇ.

ಮೇಳ ನಡೆದದ್ದು ಒಂದು ಶಾಲೆಯ ದೊಡ್ಡ ಸಭಾಂಗಣದಲ್ಲಿ. ಸಾಲುಸಾಲು ಮಳಿಗೆಗಳು, ನೆಲಕ್ಕೆ ಹಾಸಿದ ಕೆಂಪು ಬಟ್ಟೆ, ಅದರ ಅಂಚಿಗೆ ಎಡವುವ ಜನ. ಪ್ರಕಾಶಕರ ಮಳಿಗೆಯ ಮುಂದೆ ನನಗೊಂದು ಮೇಜು, ಮೇಜಿನ ಮೇಲೆ ‘ಸ್ಟೂಲಿ’ನ ಪ್ರತಿಗಳ ಎರಡು ಗುಡ್ಡೆ. ಪಕ್ಕದಲ್ಲಿ, ನಾದಿನಿ ತೆಗೆದ ಫೋಟೊದಿಂದ ಮಾಡಿಸಿದ, ನನ್ನಷ್ಟೇ ಎತ್ತರದ ರಟ್ಟಿನ ನಾನು, ಕಿಟಕಿಯ ಬೆಳಕಿನಲ್ಲಿ ನಗುತ್ತಾ ನಿಂತಿದ್ದೆ. ನಾದಿನಿ ದೂರದಿಂದ ಇಬ್ಬರನ್ನೂ ನೋಡಿ, ಇಬ್ಬರು ಅತ್ತಿಗೆಯರಲ್ಲಿ ಒಬ್ಬರಾದರೂ ಬಾಯಿ ಬಿಡಿ ಎಂದು ಹೇಳಿ ಟೀ ಹುಡುಕಲು ಹೋದಳು.

ನಾನು ಬಾಯಿ ಬಿಟ್ಟೆ. ಅದೇ ತೊಂದರೆಯಾಯಿತು.

ಮೊದಲು ಬಂದವರು ಒಬ್ಬ ತಂದೆ, ಮಗಳ ಕೈ ಹಿಡಿದುಕೊಂಡು. ಮಗಳಿಗೆ ಲೆಕ್ಕವೆಂದರೆ ಹೆದರಿಕೆಯಂತೆ. ಎದುರಿನ ಮಳಿಗೆಯಲ್ಲಿ ಒಗಟಿನ ಪುಸ್ತಕವೊಂದನ್ನು ಬರುವಾಗಲೇ ನೋಡಿದ್ದೆ. ಎದ್ದು ಹೋಗಿ ತೆಗೆದುಕೊಟ್ಟೆ. ಆ ಹುಡುಗಿ ಅಲ್ಲೇ ನೆಲದ ಮೇಲೆ ಕೂತು ಮೊದಲ ಒಗಟು ಬಿಡಿಸಿದಳು. ಆಮೇಲೆ ಒಬ್ಬ ನಿವೃತ್ತ ಬಸ್ ಚಾಲಕರು. ಇಷ್ಟು ವರ್ಷ ಓಡಾಡಿದ್ದಾಯಿತು, ಇನ್ನು ಮಹಡಿಯ ಮೇಲೆ ತರಕಾರಿ ಬೆಳೆಯುತ್ತೇನೆ ಎಂದರು. ಅವರನ್ನು ಮೂಲೆಯ ಮಳಿಗೆಗೆ ಕರೆದುಕೊಂಡು ಹೋದೆ. ಸುಖಾಂತ್ಯವೇ ಇರಬೇಕು, ಯಾರೂ ಸಾಯಬಾರದು ಎಂದು ಷರತ್ತು ಹಾಕಿದ ಕಾಲೇಜು ಹುಡುಗಿಗೆ ಮೂರು ಕಾದಂಬರಿ ಹೇಳಿದೆ, ಅವಳು ಮೂರನ್ನೂ ಕೊಂಡಳು. ಮಾತು ಹಬ್ಬಿತೆಂದು ತೋರುತ್ತದೆ. ಆ ಅಜ್ಜಿಯನ್ನು ಕೇಳಿ ಎಂದು ಒಬ್ಬರು ಇನ್ನೊಬ್ಬರನ್ನು ಕಳಿಸತೊಡಗಿದರು. ಎದುರಿನ ಮಳಿಗೆಯವರು ನನಗೆಂದು ತಮ್ಮ ಕುರ್ಚಿಯನ್ನೇ ಹೊರಗೆ ತಂದಿಟ್ಟರು. ಮೂಲೆಯವರು ನೀರಿನ ಬಾಟಲಿಯ ಮುಚ್ಚಳ ಬಿಚ್ಚಿ ಕೊಟ್ಟರು, ವಯಸ್ಸಾದವರ ಬೆರಳಿಗೆ ಅದು ಕಷ್ಟವೆಂದು ನಾನು ಹೇಳದೆಯೇ ತಿಳಿದು.

ಹಲವು ವರ್ಷಗಳ ಮೇಲೆ ಇಷ್ಟು ಒಳ್ಳೆಯ ದಿನ ಬಂದಿತ್ತು. ದೀಪ ಆರಿಸುವ ಹೊತ್ತಿಗೆ ನಾದಿನಿಯೂ ಪ್ರಕಾಶಕರೂ ನನ್ನ ಮೇಜಿನ ಮುಂದೆ ನಿಂತಿದ್ದರು. ಎರಡೂ ಗುಡ್ಡೆಗಳು ಬೆಳಗ್ಗೆ ಹೇಗಿದ್ದವೋ ಹಾಗೇ ಇದ್ದವು. ಆಗಲೇ ನನಗೆ ನಾನು ಬಂದದ್ದು ಯಾತಕ್ಕೆ ಎಂದು ನೆನಪಾದದ್ದು.

ಪ್ರಕಾಶಕರು ಮೇಲಿನ ಪುಸ್ತಕದ ಧೂಳನ್ನು ತೋಳಿನಿಂದ ಒರೆಸಿ, ನಾಳೆ ಕೊನೆಯ ದಿನ ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಬೈಯುವ ಕೆಲಸವನ್ನು ಬಸ್ಸಿನಲ್ಲಿ ನಾದಿನಿ ವಹಿಸಿಕೊಂಡಳು. ಎದುರಿನ ಅಂಗಡಿಯವನಿಂದ ನನಗೆ ಸಂಬಳ ಬರಬೇಕೆಂದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದಳು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ನನ್ನ ಪುಸ್ತಕವನ್ನು ನಾನೇ ತೆಗೆದುಕೊಳ್ಳಿ ಎನ್ನುವುದು ಹೇಗೆ, ಅಪ್ಪ ಇದ್ದಿದ್ದರೆ ಮುಖ ಎತ್ತಿ ನೋಡುತ್ತಿರಲಿಲ್ಲ ಎಂದೆ. ಅವಳು ಒಂದೆರಡು ನಿಲ್ದಾಣ ದಾಟಿದ ಮೇಲೆ ಬೇರೆಯೇ ದನಿಯಲ್ಲಿ ಮಾತಾಡಿದಳು.

“ನಾನು ಯಾರ ಮನೆಗೆ ಹೋಗಿ ನಾನು ಒಳ್ಳೇಳು, ನನ್ನ ಪಾಲಿಸಿ ಒಳ್ಳೇದು ಅಂದವಳಲ್ಲ ಅತ್ತಿಗೆ. ಹೋಗ್ತಿದ್ದೆ, ಕೂತ್ಕೊಳ್ತಿದ್ದೆ. ನಿಮ್ಮನ್ನ ನೆಚ್ಚಿಕೊಂಡಿರೋರು ಯಾರಿದಾರೆ ಅಂತ ಕೇಳ್ತಿದ್ದೆ. ಅವರು ಹೇಳ್ತಾ ಹೋಗೋರು. ಆಮೇಲೆ ಯಾವ ಪಾಲಿಸಿ ಅಂತ ನನಗೇ ಗೊತ್ತಾಗ್ತಿತ್ತು. ಇವತ್ತು ನೀವು ಮಾಡಿದ್ದೂ ಅದೇ. ನನಗಿಂತ ಚೆನ್ನಾಗಿ ಮಾಡಿದ್ರಿ. ಆದ್ರೆ ನಿಮ್ಮ ಕಪಾಟಲ್ಲಿ ಎಲ್ಲರ ಪುಸ್ತಕವೂ ಇದೆ, ನಿಮ್ಮದೊಂದು ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಕೂತಿದೀರಿ.”

ಅವಳು ನನ್ನ ಕೈಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, “ಅದು ಯಾರಿಗೆ ಅತ್ತಿಗೆ? ಸ್ಟೂಲು. ಯಾರಾದ್ರೂ ಕೇಳಿದ್ರೆ ಏನು ಹೇಳ್ತೀರಿ?” ಎಂದಳು.

ಇಡೀ ಜೀವನ ಬೇರೆಯವರನ್ನು ಕೇಳಿದ ಪ್ರಶ್ನೆ.

ಮಾರನೆಯ ದಿನ ಬೆಳಗ್ಗೆ ಬೇಗ ಎದ್ದು, ನನ್ನ ಪುಸ್ತಕವನ್ನು ಯಾರೋ ಗ್ರಂಥಾಲಯಕ್ಕೆ ಕೊಟ್ಟುಹೋದ ಪುಸ್ತಕವೆಂಬಂತೆ ಓದಿದೆ. ಹಾಗೆ ಓದುವುದು ನನಗೆ ಗೊತ್ತಿತ್ತು. ಅದೇ ಅಲ್ಲವೇ ನನ್ನ ಕಸುಬು. ಎರಡು ಕಥೆ ಉದ್ದವಾದವು, ಒಂದಕ್ಕೆ ಕೊನೆಯೇ ಸರಿಯಾಗಿಲ್ಲ. ಈ ಲೇಖಕಿಗೆ ಮಳೆ, ಆಕಾಶ ಏನೂ ಕಾಣುವುದಿಲ್ಲ, ಬರೀ ಜನರ ಕೈಗಳೇ ಕಾಣುತ್ತವೆ. ಮನಸ್ಸು ಹಗುರಾಗಬೇಕೆನ್ನುವವರಿಗೆ ಇದನ್ನು ಕೊಡಬಾರದು. ಪ್ರಯಾಣಕ್ಕೆ ಬೇಡ. ಮಕ್ಕಳಿಗೆ ಬೇಡ. ಆದರೆ ಮೊದಲನೆಯ ಕಥೆಗೆ ಮತ್ತೆ ಬಂದಾಗ ಕೈ ನಿಂತಿತು. ಅದರಲ್ಲಿ ಒಬ್ಬಳು ಹೆಂಡತಿ ದಿನವಿಡೀ ಸ್ಟೂಲಿನ ಮೇಲೆ ಕೂತಿರುತ್ತಾಳೆ. ಬಂದ ಡಾಕ್ಟರು, ಬಂದ ನೆಂಟರು, ಬಂದ ಪರಿಚಯದವರು ಎಲ್ಲರೂ ಕೇಳುವುದು ಒಂದೇ: ಅವರು ಊಟ ಮಾಡಿದರಾ? ನೀವು ಮಾಡಿದಿರಾ ಎಂದು ಕಥೆ ಮುಗಿಯುವವರೆಗೂ ಯಾರೂ ಕೇಳುವುದಿಲ್ಲ. ಅವಳೂ ತನ್ನನ್ನು ಕೇಳಿಕೊಳ್ಳುವುದಿಲ್ಲ.

ಇದು ಯಾರಿಗೆ ಎಂದು ಆಗ ತಿಳಿಯಿತು. ನಾದಿನಿ ಟೀ ತಂದು ಮುಂದಿಟ್ಟಳು.

ಆ ದಿನವೂ ಬಂದವರನ್ನೆಲ್ಲ ಕೇಳಿದೆ, ಬೇರೆ ಮಳಿಗೆಗಳಿಗೆ ಕಳಿಸಿದೆ. ನನ್ನ ಪುಸ್ತಕವನ್ನು ಕೈಗೆತ್ತಿಕೊಂಡ ಕೆಲವರಿಗೆ, ಇದು ಈಗ ನಿಮಗಲ್ಲ ಎಂದೂ ಹೇಳಿದೆ. ಪ್ರಕಾಶಕರು ಹಿಂದಿನಿಂದ ಕೆಮ್ಮಿದರು. ನಾದಿನಿ ಅವರ ತೋಳು ಹಿಡಿದು ಸುಮ್ಮನಿರಿಸಿದಳು. ಇಬ್ಬರು ಮೂವರಿಗೆ, ಅವರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆಂದು ತಿಳಿದ ಮೇಲೆ, ಪುಸ್ತಕವನ್ನು ಸ್ವಲ್ಪ ಮುಂದೆ ಸರಿಸಿದೆ. ನಾನು ಬರೆದದ್ದು ಎನ್ನಲಿಲ್ಲ, ಪಕ್ಕದಲ್ಲಿ ರಟ್ಟಿನವಳು ನಗುತ್ತಲೇ ಇದ್ದರೂ. ಅವರು ಕೊಂಡುಹೋದರು. ಹಾಗೆ ಒಂದಿಷ್ಟು ಇಳಿಯಿತು, ಗುಡ್ಡೆ ಗುಡ್ಡೆಯಾಗಿಯೇ ಉಳಿಯಿತು.

ಸಂಜೆಯ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸು. ಅಮ್ಮನಿಗೆ ದೊಡ್ಡ ಅಕ್ಷರದ ಪುಸ್ತಕ ಬೇಕು ಎಂದಳು. ಎರಡು ಮಳಿಗೆ ಆಚೆ ಸಿಗುತ್ತದೆಂದು ಹೇಳಲು ಹೊರಟವಳು ಅವಳ ಕೊರಳು ನೋಡಿದೆ. ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿರುವವರಿಗೆ ಕೊಡುವ ಪಾಸು ಅಲ್ಲಿತ್ತು. ತೆಗೆದಿಡಲು ಮರೆತಿದ್ದಳು. ನಾನೂ ಒಂದು ಕಾಲದಲ್ಲಿ ಅದನ್ನು ಹಾಕಿಕೊಂಡೇ ತರಕಾರಿ ಅಂಗಡಿಗೆ ಹೋಗಿಬಿಡುತ್ತಿದ್ದೆ.

ಮಾತಾಡಿಸಿದೆ. ಶಾಲೆಯಲ್ಲಿ ಲೆಕ್ಕದ ಟೀಚರಂತೆ. ರಜೆ ಹಾಕಿ ಅಮ್ಮನ ಜೊತೆ ಇದ್ದಾಳೆ. ತಮ್ಮ ಬಂದು ಕೂತಿದ್ದಾನೆ, ಅವನು ಹೊರಡುವುದರೊಳಗೆ ಹಿಂದಿರುಗಬೇಕು. ಅಮ್ಮನಿಗೆ ಏನು ಇಷ್ಟ, ಕಣ್ಣು ಎಷ್ಟು ಕಾಣುತ್ತದೆ ಎಲ್ಲ ಕೇಳಿ ತಿಳಿದುಕೊಂಡೆ. ಆಮೇಲೆ, “ನಿಮಗೆ?” ಎಂದೆ.

“ನನಗೇನು?” ಎಂದಳು ಅವಳು, ಪ್ರಶ್ನೆ ಅರ್ಥವಾಗದವಳ ಹಾಗೆ. “ನಾನು ಚೆನ್ನಾಗೇ ಇದೀನಲ್ಲ.”

ನಾನು ಮೇಲಿನ ಪುಸ್ತಕ ತೆಗೆದು, ಮೊದಲ ಕಥೆಯ ಪುಟ ತೆರೆದು ಅವಳ ಕೈಯಲ್ಲಿಟ್ಟೆ. ಅವಳು ನಿಂತೇ ಓದತೊಡಗಿದಳು. ಜನ ಅವಳನ್ನು ತಾಗಿಕೊಂಡು ಹಾದುಹೋದರು. ಸ್ವಲ್ಪ ಹೊತ್ತಿನಲ್ಲಿ, ನಾನು ಎದ್ದು ಬಿಟ್ಟುಕೊಟ್ಟ ಕುರ್ಚಿಯಲ್ಲಿ ಯಾರು ಕೊಟ್ಟರೆಂದು ನೋಡದೆಯೇ ಕೂತಳು. ಪುಟ ತಿರುವಿದಳು. ಮತ್ತೊಂದು ತಿರುವಿದಳು. ಕೊನೆಗೆ ತಲೆಯೆತ್ತಿ, ಇದನ್ನು ಬರೆದವರಿಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದಳು. ನನ್ನನ್ನು ಕೇಳಿದ್ದಲ್ಲ ಅದು, ಸುಮ್ಮನೆ ಬಾಯಿಂದ ಬಂದದ್ದು.

ಹಿಂದೆ ನಾದಿನಿ ಟೀ ಲೋಟ ಕೆಳಗಿಟ್ಟದ್ದು ನನಗೆ ಕೇಳಿಸಿತು.

“ನಾನೇ ಬರೆದದ್ದು,” ಎಂದೆ. “ಎಲ್ಲ ಕಥೆಗಳೂ ಅಷ್ಟು ಚೆನ್ನಾಗಿಲ್ಲ. ಆದರೆ ಇದು ನಿಮಗೇ ಅಂತ ನನಗೆ ಗೊತ್ತು. ತಗೊಂಡು ಹೋಗಿ ಓದಿ.”

ಅವಳು ರಟ್ಟಿನ ನನ್ನನ್ನೂ ನನ್ನನ್ನೂ ಒಂದು ಸಲ ನೋಡಿದಳು. ಪುಸ್ತಕ ಕೊಂಡಳು. ಹೊರಟವಳು ಎರಡು ಹೆಜ್ಜೆ ಹಾಕಿ ತಿರುಗಿ, ತಮ್ಮ ವಾರ್ಡಿನ ಹೊರಗಿನ ಹಜಾರದಲ್ಲಿ ಇಂಥವರೇ ತುಂಬಿಕೊಂಡಿದ್ದಾರೆ, ಎಲ್ಲರೂ ಗೋಡೆ ನೋಡುತ್ತಾ ಕೂತಿರುತ್ತಾರೆ, ನೀವು ಅಲ್ಲಿಗೆ ಬರಬಾರದೇ ಎಂದಳು.

ಮೇಳ ಮುಗಿಯಿತು. ನಮ್ಮ ಮೇಜಿನ ಮೇಲೆ ಇನ್ನೂ ಒಂದು ಗುಡ್ಡೆ, ಗೋದಾಮಿನಲ್ಲಿ ಒಡೆಯದ ಕಟ್ಟುಗಳು. ಪ್ರಕಾಶಕರಿಗೆ ಆಸ್ಪತ್ರೆಯ ಮಾತು ಹೇಳಿದೆ. ಅವರು ತಲೆ ಕೆರೆದುಕೊಂಡರು. ಆಸ್ಪತ್ರೆಯಲ್ಲಿ ಪುಸ್ತಕ ಮಾರಿದವರ ಬಗ್ಗೆ ಕೇಳಿಲ್ಲವಲ್ಲ ಎಂದರು. ನಾದಿನಿ, ಹಸಿದವನ ಮುಂದೆ ತಾನೇ ಊಟ ಇಡುವುದು, ಉಂಡು ತೇಗಿದವನ ಮುಂದೆ ಇಟ್ಟರೇನು ಬಂತು ಎಂದು ಕೇಳಿದಳು. ರದ್ದಿ ಲಾರಿ ಬಂದ ದಿನ ಅವರು ಬೇರೆ ಕಟ್ಟುಗಳನ್ನೆಲ್ಲ ಏರಿಸಿದರು. ನನ್ನವನ್ನು ಆಟೋದಲ್ಲಿ ತಮ್ಮ ಮನೆಗೆ ಸಾಗಿಸಿ ಮೆಟ್ಟಿಲ ಕೆಳಗೆ ಇಟ್ಟರು. ಈ ತಿಂಗಳು ಮುಗಿಯುವವರೆಗೆ ಮಾತ್ರ, ಆಮೇಲೆ ಮನೆಯವರು ತನ್ನನ್ನೇ ಲಾರಿಗೆ ಹಾಕುತ್ತಾರೆ ಎಂದರು. ಆ ಲಾರಿಯಲ್ಲಿ ಹೋದ ಪುಸ್ತಕಗಳನ್ನು ಬರೆದವರ ಮುಖ ನನ್ನ ಕಣ್ಣ ಮುಂದೆ ಬಂತು. ಅವರನ್ನೂ ಯಾರಾದರೂ ಕೂರಿಸಿ, ಇದು ಯಾರಿಗೆ ಎಂದು ಕೇಳಬೇಕಿತ್ತು.

ಆಸ್ಪತ್ರೆಯ ಹಿರಿಯ ನರ್ಸಮ್ಮನನ್ನು ಕಾಣಲು ನಾದಿನಿ ನನ್ನನ್ನೇ ಮುಂದೆ ಕಳಿಸಿದಳು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಆಕೆ ಪುಸ್ತಕದ ಹಿಂದುಮುಂದು ತಿರುವಿ, ಇದರಲ್ಲಿ ನರ್ಸುಗಳು ಹೇಗಿದ್ದಾರೆ ಎಂದು ಕೇಳಿದರು. ಒಬ್ಬಳು ಸಿಡುಕಿ, ಉಳಿದವರು ಒಳ್ಳೆಯವರು ಎಂದೆ. ಆಕೆ ನಕ್ಕು, ಆ ಸಿಡುಕಿ ತಾನೇ ಇರಬೇಕೆಂದರು. ವಾರ್ಡಿನೊಳಗೆ ಹೋಗಬಾರದು, ದನಿ ಎತ್ತಬಾರದು, ಕತ್ತಲಾದ ಮೇಲೆ ಇರಬಾರದು ಎಂಬ ಷರತ್ತಿನ ಮೇಲೆ ಒಪ್ಪಿದರು. ಕಾವಲುಗಾರರು ತಮ್ಮ ಮೇಜನ್ನೇ ಸರಿಸಿಕೊಟ್ಟರು. ಅದರ ಒಂದು ಕಾಲು ಕುಂಟುತ್ತಿದ್ದುದರಿಂದ ಕೆಳಗೆ ರಟ್ಟು ಮಡಿಸಿಟ್ಟು, ಅಲುಗಾಡಿಸಿ ನೋಡಿ ಹೋದರು.

ಮೊದಲ ದಿನ ನನಗೆ ಭಯವಿತ್ತು. ಇಂಥ ಕಡೆ ನನ್ನ ಪುಸ್ತಕ ಹಿಡಿದು ನಿಲ್ಲುವುದೆಂದರೆ ಬೇರೆಯವರ ಕಷ್ಟದ ಮುಂದೆ ಅಂಗಡಿ ಇಟ್ಟಂತಲ್ಲವೇ? ಆದ್ದರಿಂದ ಮೇಜಿನ ಹಿಂದೆ ಕೂರಲೇ ಇಲ್ಲ. ಒಬ್ಬೊಬ್ಬರ ಪಕ್ಕದಲ್ಲಿ ಹೋಗಿ ಕೂತೆ. ಯಾರ ಜೊತೆಗಿದ್ದೀರಿ ಎಂದು ಕೇಳಿದೆ, ನೀವು ಏನಾದರೂ ತಿಂದಿರಾ ಎಂದು ಕೇಳಿದೆ. ಅವರು ಹೇಳಿದರು, ಕೇಳಿಸಿಕೊಂಡೆ. ಕೆಲವರಿಗೆ ಪುಸ್ತಕದ ಮಾತೇ ಎತ್ತಲಿಲ್ಲ. ಉಳಿದವರಿಗೆ, ಸ್ಟೂಲಿನ ಮೇಲೆ ಕೂತವರ ಬಗ್ಗೆ ನಾನೊಂದು ಪುಸ್ತಕ ಬರೆದಿದ್ದೇನೆ, ನೋಡುತ್ತೀರಾ ಎಂದೆ. ಎರಡು ಮೂರು ಸಲ ಹೇಳಿದ ಮೇಲೆ ‘ನಾನು ಬರೆದಿದ್ದೇನೆ’ ಎನ್ನುವುದು ನಾಲಿಗೆಗೆ ಒಗ್ಗಿತು, ಬಾಗಿಲು ಹತ್ತಿರವೇ ಇದೆ, ಬಲಕ್ಕೆ ತಿರುಗಿ ಎಂದು ದಾರಿ ಹೇಳಿದ ಹಾಗೆ.

ಲೆಕ್ಕದ ಟೀಚರು ದಿನವೂ ಸಿಗುತ್ತಿದ್ದಳು. ತನ್ನ ಪ್ರತಿಯನ್ನು ಓದಿ ಮುಗಿಸಿ ಪಕ್ಕದ ಹಾಸಿಗೆಯ ಜೊತೆಗಾರರಿಗೆ ಕೊಟ್ಟಿದ್ದಳು, ಅವರು ಮತ್ತೊಬ್ಬರಿಗೆ. ಹೀಗೆ ಒಂದನ್ನೇ ಊರೆಲ್ಲ ಓದಿದರೆ ಮಾರುವುದು ಹೇಗೆ ಎಂದು ನಾದಿನಿ ಅವಳನ್ನು ರೇಗಿಸಿದಳು. ಆದರೆ ಓದಿದವರು ಮನೆಗೆ ಹೋಗುವಾಗ ತಮಗೊಂದು ಬೇಕೆಂದು ಮೇಜಿನ ಬಳಿ ಬರುತ್ತಿದ್ದರು. ಕೆಲವರು ಅಕ್ಕನಿಗೆ, ಕೆಲವರು ಅತ್ತೆಗೆ. ಮೆಟ್ಟಿಲ ಕೆಳಗಿನ ಕಟ್ಟುಗಳನ್ನು ಪ್ರಕಾಶಕರು ಒಂದೊಂದಾಗಿ ಹೆಗಲ ಮೇಲೆ ಹೊತ್ತು ತರತೊಡಗಿದರು.

ಕೊನೆಯ ಕಟ್ಟು ಬಂದದ್ದು ತಿಂಗಳು ಮುಗಿಯುವ ಮೊದಲೇ. ಅದನ್ನು ಮೇಜಿನ ಮೇಲಿಟ್ಟು, ದಾರ ಬಿಚ್ಚದೆ, ಅವರು ಬೆವರು ಒರೆಸಿಕೊಂಡು ನಿಂತರು. ಹೆಗಲ ಚೀಲದಿಂದ ನನ್ನ ಎರಡನೆಯ ಹಸ್ತಪ್ರತಿ ತೆಗೆದು ತೋರಿಸಿದರು. ಅಂಚಿನಲ್ಲಿ ಪೆನ್ಸಿಲಿನ ಗುರುತುಗಳಿದ್ದವು.

“ಅಚ್ಚಿಗೆ ಕೊಡ್ತಾ ಇದೀನಿ ಮೇಡಂ. ಒಂದು ಅನುಮಾನ. ಮೊದಲ ಪುಟದಲ್ಲಿ ನಿಮ್ಮ ತಂದೆಯವರ ಹೆಸರು ಹಾಕಲಾ? ಕಥೇಲಿ ಎಲ್ಲೂ ಹೇಳಿಲ್ಲ ನೀವು.”

ಹೊಲಿಗೆ ಕಾಣಬಾರದೆಂದವರ ಹೆಸರು. ಹಾಕಿ ಎಂದೆ. ದೊಡ್ಡ ಅಕ್ಷರದಲ್ಲಿ ಬೇಡ, ಆದರೆ ಹಾಕಿ. ಅವರು ಅಲ್ಲೇ ಗೋಡೆಗೆ ಹಾಳೆ ಒತ್ತಿಟ್ಟು ನನ್ನಿಂದ ಹೆಸರು ಕೇಳಿ ಬರೆದುಕೊಂಡರು. ನಾದಿನಿ ಕಟ್ಟಿನ ದಾರ ಬಿಚ್ಚತೊಡಗಿದಳು.

ಆ ದಿನ ಹಜಾರದಲ್ಲಿ ಜನ ಬಹಳ. ಬೆಳಗಿನಿಂದ ನಾನು ಕೂತಲ್ಲಿಂದ ಎದ್ದು, ಎದ್ದಲ್ಲಿಂದ ಕೂತು, ಎಲ್ಲರನ್ನೂ ಊಟ ಆಯಿತೇ ಎಂದು ಕೇಳುತ್ತಾ ತಿರುಗಿದ್ದೆ. ಮಧ್ಯಾಹ್ನ ಕಳೆದು ಎಷ್ಟೋ ಹೊತ್ತಾಗಿತ್ತು. ಪ್ರಕಾಶಕರು ಹೊರಟುಹೋಗಿದ್ದರು, ನಾದಿನಿ ಔಷಧಿ ಅಂಗಡಿಯ ಸಾಲಿನಲ್ಲಿ ಯಾರದೋ ಬದಲು ನಿಂತಿದ್ದಳು. ನಾನು ಬೆಂಚಿನ ತುದಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದೆ.

ಲೆಕ್ಕದ ಟೀಚರು ವಾರ್ಡಿನಿಂದ ಹೊರಗೆ ಬಂದಳು. ಎರಡು ಡಬ್ಬಿ ಹಿಡಿದಿದ್ದಳು. ಸಂಜೆ ಅಮ್ಮನಿಗೆ ಪರೀಕ್ಷೆಯಿದೆ, ಅಲ್ಲಿಯವರೆಗೆ ಏನೂ ಕೊಡಬಾರದೆಂದು ಬೆಳಗ್ಗೆಯೇ ಹೇಳಿದ್ದಳು. ಅದು ಗೊತ್ತಿಲ್ಲದೆ ತಮ್ಮ ಅಮ್ಮನ ಊಟವನ್ನೂ ಮನೆಯಿಂದ ತಂದುಬಿಟ್ಟಿದ್ದ. ನನ್ನ ಪಕ್ಕದಲ್ಲಿ ಕೂತು, ಅಮ್ಮನ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಮೆತ್ತಗೆ ಬೇಯಿಸಿದ ಅನ್ನ, ತರಕಾರಿ, ಇನ್ನೂ ಸ್ವಲ್ಪ ಬಿಸಿಯಿತ್ತು. ಚಮಚವನ್ನು ತನ್ನ ಕರ್ಚೀಫಿನಿಂದ ಒರೆಸಿ ಅದರಲ್ಲಿ ನೆಟ್ಟು, ಡಬ್ಬಿಯನ್ನು ನನ್ನ ಕೈಗಳಲ್ಲಿಟ್ಟಳು. ತನ್ನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನಾನು ಮೊದಲ ತುತ್ತು ತೆಗೆದುಕೊಳ್ಳುವವರೆಗೆ ಕಾದಳು.